ಅಳತೆ ತಗೊಂಡ ಮೇಲೆ ಹೊಣೆಯೂ ತಗೋಬೇಕು

ಹದಿನೈದು ದಿನದ ಹಿಂದೆ ಒಂದು ಬೈಕ್ ಸೀಟನ್ನು ಅದು ಬಂದ ರಟ್ಟಿನ ಡಬ್ಬಿಯಲ್ಲೇ ಪ್ಯಾಕ್ ಮಾಡಿ ವಾಪಸ್ ಕಳಿಸಿದೆ. 8,400 ರೂಪಾಯಿಯ ಸೀಟು. ನನ್ನ ಅಳತೆಗೇ ಮಾಡಿಸಿದ್ದು. ಅದರ ಮೇಲೆ ಕೂತು ಒಂದು ಕಿಲೋಮೀಟರ್ ಕೂಡ ಹೋಗಲಿಲ್ಲ.

ನನ್ನದು ಮೆಕ್ಕೆಜೋಳದ ಬೀಜದ ಕಂಪನಿಯಲ್ಲಿ ಫೀಲ್ಡ್ ಕೆಲಸ. ಮುಂಗಾರಿಗೆ ಮುಂಚೆ ಮನೆಯಲ್ಲಿರೋದೇ ಕಡಿಮೆ. ಇವತ್ತು ಜಗಳೂರು, ನಾಳೆ ಚನ್ನಗಿರಿ, ನಾಡಿದ್ದು ಹೊನ್ನಾಳಿ. ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ದಿನಕ್ಕೆ ನೂರಿಪ್ಪತ್ತು, ನೂರೈವತ್ತು ಕಿಲೋಮೀಟರ್ ಅಂತ ಇಷ್ಟು ವರ್ಷ ಓಡಿಸಿದರೆ ಯಾವ ಸೀಟಿನ ಫೋಮ್ ಆದರೂ ಕುಸಿಯುತ್ತೆ. ನನ್ನದೂ ಕುಸಿದಿತ್ತು. ಹೋದ ವರ್ಷದಿಂದ ಸೊಂಟದ ಕೆಳಗೆ ನೋವು. ರಾತ್ರಿ ಊಟಕ್ಕೆ ನೆಲದ ಮೇಲೆ ಕೂರೋಕೆ ಆಗುತ್ತಿರಲಿಲ್ಲ. ಸೀಟು ಬದಲಾಯಿಸಿ ಅಂತ ಡಾಕ್ಟರೇ ಹೇಳಿದರು.

ಆನ್‌ಲೈನಲ್ಲಿ ಹುಡುಕಿ ಬೇರೆ ರಾಜ್ಯದ ಒಂದು ಕಂಪನಿಗೆ ಆರ್ಡರ್ ಕೊಟ್ಟೆ. ಅವರ ಫಾರ್ಮ್ ನೋಡಿ ನಂಬಿಕೆ ಬಂದಿತ್ತು. ಎತ್ತರ ಎಷ್ಟು, ತೂಕ ಎಷ್ಟು, ಕಾಲಿನ ಒಳಅಳತೆ ಎಷ್ಟು, ದಿನಕ್ಕೆ ಎಷ್ಟು ದೂರ ಹೋಗ್ತೀರಿ, ಎಲ್ಲ ಕೇಳಿದ್ದರು. ನನ್ನ ಹೆಂಡತಿ ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಟೇಪಿನಲ್ಲಿ ಎರಡೆರಡು ಸಲ ಅಳೆದಳು. ಗಾಡಿ ಯಾವ ವರ್ಷದ್ದು ಅಂತ ಒಂದು ಪ್ರಶ್ನೆ ಇತ್ತು. 2021 ಅಂತ ಬರೆದೆ. ಪೂರ್ತಿ ದುಡ್ಡು ಮೊದಲೇ ಕಟ್ಟಿದೆ.

38 ದಿನಕ್ಕೆ ಸೀಟು ಬಂತು. ನೋಡೋಕೆ ನಿಜವಾಗಿ ಚೆನ್ನಾಗಿತ್ತು. ಕಂದು ರೆಕ್ಸಿನ್, ದಾರ ಎಳೆದ ಹಾಗೆ ನೇರ ಹೊಲಿಗೆ. ಹಳೇ ಸೀಟು ಬಿಚ್ಚಿ ಇದನ್ನು ಇಟ್ಟೆ. ಸೀಟಿನ ಬೋಲ್ಟ್ ತೂತಿಗೂ ಗಾಡಿಯ ತೂತಿಗೂ ಒಂದು ಬೆರಳು ವ್ಯತ್ಯಾಸ. ಒತ್ತಿದೆ, ಹಿಂದಕ್ಕೆ ಎಳೆದೆ, ಮಗನನ್ನು ಮೇಲೆ ಕೂರಿಸಿ ನೋಡಿದೆ. ಕೂರಲೇ ಇಲ್ಲ.

ಆಮೇಲೆ ಶುರುವಾಯಿತು ಫೋನು. ಹದಿನೇಳು ದಿನದಲ್ಲಿ ಐದು ಜನರ ಹತ್ತಿರ ಮಾತಾಡಿದೆ. ಪ್ರತಿ ಸಲ ಆರ್ಡರ್ ನಂಬರ್ ಹೇಳಬೇಕು, ಕಥೆ ಮೊದಲಿಂದ ಹೇಳಬೇಕು, ಅವೇ ಫೋಟೋ ಮತ್ತೆ ಕಳಿಸಬೇಕು. ಒಬ್ಬರು, "ಸರ್, 500 ಕಿಲೋಮೀಟರ್ ಓಡಿಸಿ, ಸೆಟ್ ಆಗುತ್ತೆ" ಅಂದರು. ಹೊಸ ಫೋಮ್ ಸೆಟ್ ಆಗೋಕೆ ಸ್ವಲ್ಪ ದಿನ ಬೇಕು, ಅದು ಸರಿ. ಆದರೆ ಬೋಲ್ಟೇ ಕೂರದ ಸೀಟಿನ ಮೇಲೆ ಹೈವೇಗೆ ಹೋಗಿ ಅಂತ ಹೇಳಬಹುದಾ? ಫೋಟೋ ತೆರೆದು ನೋಡಿದ್ದರೆ ಅವರು ಆ ಮಾತು ಆಡುತ್ತಿರಲಿಲ್ಲ. ನನಗೆ ಅವತ್ತು ಬಂದಷ್ಟು ಸಿಟ್ಟು ಇಡೀ ವಿಷಯದಲ್ಲಿ ಮತ್ತೆ ಬರಲಿಲ್ಲ.

ಕೊನೆಗೆ, "ಕಸ್ಟಮ್ ಮಾಡಿದ್ದು, ರಿಟರ್ನ್ ಇಲ್ಲ."

ಈ ನಿಯಮವನ್ನು ನಾನು ಅರ್ಧ ಒಪ್ಪುತ್ತೇನೆ. ನನ್ನ ಅಳತೆಗೆ ಮಾಡಿದ್ದು ಇನ್ನೊಬ್ಬರಿಗೆ ಆಗಲ್ಲ. ಬಣ್ಣ ಇಷ್ಟ ಆಗಲಿಲ್ಲ ಅಂತ ವಾಪಸ್ ಕೊಡೋದು ತಪ್ಪು. ಆದರೆ ಟೈಲರ್ ಹತ್ತಿರ ಪ್ಯಾಂಟ್ ಹೊಲಿಸ್ತೀವಿ ಅಲ್ವಾ? ಸೊಂಟ ಬಿಗಿಯಾದರೆ ಬಿಚ್ಚಿ ಸಡಿಲ ಮಾಡಿ ಕೊಡ್ತಾರೆ. ನಿಮ್ಮ ಅಳತೆಗೇ ಹೊಲಿದಿದ್ದು, ಇನ್ನು ನಿಮ್ಮ ಹಣೆಬರಹ ಅಂತ ಯಾವ ಟೈಲರೂ ಹೇಳಲ್ಲ. ಅಳತೆ ತಗೊಂಡವರ ಹೊಣೆ ರೆಡಿಮೇಡ್ ಮಾರುವವರಿಗಿಂತ ಜಾಸ್ತಿ, ಕಡಿಮೆ ಅಲ್ಲ.

ಕಾನೂನೂ ಗ್ರಾಹಕರ ಕಡೆಗೇ ಇದೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ದೋಷ ಇರುವ, ಇಲ್ಲವೇ ಒಪ್ಪಿಕೊಂಡ ಹಾಗೆ ಇಲ್ಲದ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಕಂಪನಿ ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಫೀಸೂ ಇಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಇದನ್ನೆಲ್ಲ ನಾನು ಮೇಲ್‌ನಲ್ಲಿ ಬರೆದು ಕಳಿಸಿದೆ. ಮರುದಿನ ಅವರೇ ಫೋನ್ ಮಾಡಿದರು.

ಈ ಸಲ ಮಾತಾಡಿದ ಹುಡುಗಿ ಫೋಟೋ ಮುಂದಿಟ್ಟುಕೊಂಡೇ ಮಾತಾಡಿದಳು. "ಸರ್, ಗಾಡಿ ತಗೊಂಡಿದ್ದು ಯಾವ ತಿಂಗಳು?" ಅಂತ ಕೇಳಿದಳು. ನವೆಂಬರ್ ಅಂದೆ. ಅಲ್ಲಿಗೆ ಎಲ್ಲ ಗೊತ್ತಾಯಿತು. 2021ರಲ್ಲಿ ಕ್ಲಾಸಿಕ್ 350 ಅನ್ನೋ ಹೆಸರಲ್ಲಿ ಎರಡು ಗಾಡಿ ಮಾರಾಟ ಆಗಿವೆ. ಸೆಪ್ಟೆಂಬರ್‌ನಲ್ಲಿ ಹೊಸ ಎಂಜಿನ್, ಹೊಸ ಚಾಸಿಯ ಗಾಡಿ ಬಂತು. ಅದಕ್ಕೂ ಮುಂಚಿನದು ಹಳೇ ಮಾಡೆಲ್. ನನಗೆ ಬಂದಿದ್ದು ಹಳೇ ಮಾಡೆಲಿನ ಸೀಟು. ಫಾರ್ಮ್‌ನಲ್ಲಿ ವರ್ಷ ಕೇಳಿದ್ದರು, ತಿಂಗಳು ಕೇಳಿರಲಿಲ್ಲ. ಎರಡು ನಿಮಿಷದ ಮಾತು. ಐದು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ.

ಅಷ್ಟರಲ್ಲಿ ನೋವು ತಡೆಯೋಕೆ ಆಗದೆ ಇಲ್ಲೇ ಹಳೇ ಪಿ.ಬಿ. ರಸ್ತೆಯ ಕುಶನ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಅಜ್ಜ ಟೇಪ್ ಹಿಡಿಯಲೇ ಇಲ್ಲ. "ದಿನಾ ಹೆಂಗೆ ಕುಂದ್ರತೀರೋ ಹಂಗೇ ಕುಂದ್ರಿ ಸರ್" ಅಂದರು. ಸುತ್ತ ಒಂದು ಸುತ್ತು ಬಂದು, ನನ್ನ ತೊಡೆ ಸೀಟಿಗೆ ಒತ್ತುವ ಕಡೆ ಸೀಮೆಸುಣ್ಣದಲ್ಲಿ ಗೀಟು ಹಾಕಿದರು. ರೆಕ್ಸಿನ್ ಬಿಚ್ಚಿ ಮುಂಭಾಗದ ಅಂಚು ಎರಡು ಬೆರಳು ಕೆತ್ತಿದರು. ಹಿಂದೆ ಕುಸಿದ ಜಾಗಕ್ಕೆ ಗಟ್ಟಿ ಫೋಮ್ ಅಂಟಿಸಿದರು. ಮೆತ್ತಗಿನದು ಹಾಕಿ ಅಜ್ಜ ಅಂದರೆ ಕೇಳಲಿಲ್ಲ. ಕೈಯಲ್ಲಿ ಒತ್ತಿದರೆ ಮೆತ್ತಗಿನದೇ ಹಿತ ಅನ್ನಿಸುತ್ತೆ, ಅರ್ಧ ಗಂಟೆ ಕೂತರೆ ಪೂರ್ತಿ ಒಳಗೆ ಇಳಿದು ಮೂಳೆ ತಳಕ್ಕೆ ತಾಗುತ್ತೆ ಅಂತ ತಿಳಿಸಿ ಹೇಳಿದರು. 1,900 ರೂಪಾಯಿ. ಹೊಲಿಗೆ ಆ ಕಂಪನಿಯಷ್ಟು ನಾಜೂಕಾಗಿಲ್ಲ. ಮಳೆಯಲ್ಲಿ ನೀರು ಇಳಿಯುತ್ತೆ, ಕವರ್ ಹಾಕ್ರಿ ಅಂತ ಅವರೇ ಮೊದಲು ಹೇಳಿಬಿಟ್ಟರು. ನಾಲ್ಕು ದಿನ ಬಿಟ್ಟು ಬಂದು ತೋರಿಸಿ ಅಂದಿದ್ದರು. ಹೋದೆ. ಎಡಗಡೆ ಇನ್ನೊಂದು ಚೂರು ಕೆತ್ತಿದರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಈಗ ಹೊನ್ನಾಳಿಗೆ ಹೋಗಿ ಬಂದರೂ ರಾತ್ರಿ ಮಕ್ಕಳ ಜೊತೆ ನೆಲದ ಮೇಲೆ ಕೂತು ಊಟ ಮಾಡುತ್ತೇನೆ.

ಕಂಪನಿಯಿಂದ ಮೊನ್ನೆ ದುಡ್ಡು ವಾಪಸ್ ಬಂತು, ಕೊರಿಯರ್‌ನ 620 ರೂಪಾಯಿ ಹಿಡಿದುಕೊಂಡು. ಅದನ್ನೂ ಕೊಡಿ ಅಂತ ಬರೆದಿದ್ದೇನೆ. ಅದೇ ಮೇಲ್‌ನಲ್ಲಿ ಆ ಹುಡುಗಿಗೆ ಥ್ಯಾಂಕ್ಸ್ ಹೇಳಿ, ಫಾರ್ಮ್‌ನಲ್ಲಿ ವರ್ಷದ ಪಕ್ಕ ತಿಂಗಳನ್ನೂ ಕೇಳಿ ಅಂತ ಬರೆದೆ. ಉತ್ತರ ಇನ್ನೂ ಬಂದಿಲ್ಲ.