ಗಾಡಿಗೆ ಬಿಕ್ಕಳಿಕೆ

ನನ್ನ ಎಡಗಾಲಿನ ಮೀನಖಂಡ ಇನ್ನೂ ನೋಯುತ್ತಿದೆ. ಮುಲಾಮಿನ ಡಬ್ಬಿ ಮುಂದಿಡುತ್ತ ಹೆಂಡತಿ, "ಓಡುವುದು ಕಾರು, ಕಾಲು ನೋವು ನಿಮಗೇಕೆರಿ?" ಎಂದು ಕೇಳುತ್ತಾಳೆ. ಗೊತ್ತಿದ್ದೇ ಕೇಳುತ್ತಾಳೆ.

ಎಲ್ಲ ಶುರುವಾದದ್ದು ಹೈದರಾಬಾದಿನಲ್ಲಿರುವ ಅವಳ ತಮ್ಮನಿಂದ. ಜಗತ್ತನ್ನೆಲ್ಲ ನ್ಯೂಟನ್ ಮೀಟರಿನಲ್ಲಿ ಅಳೆಯುವ ಹುಡುಗ ಅವನು. ಹಬ್ಬಕ್ಕೆ ಬಂದವನು ನನ್ನ ಹತ್ತು ವರ್ಷದ ಡೀಸೆಲ್ ಕಾರನ್ನು ಒಂದು ಸುತ್ತು ಓಡಿಸಿ, "ಮಾವ, ಇದರಲ್ಲಿ ಜೀವವೇ ಇಲ್ಲ" ಎಂದ. ಹತ್ತು ವರ್ಷ ಕಲಬುರಗಿಯ ಸುಪರ್ ಮಾರ್ಕೆಟ್ಟಿನ ಸಂದಣಿಯಲ್ಲಿ ತೆವಳಿದ ಯಾರಲ್ಲಿ ಜೀವ ಉಳಿದೀತು? ನಾನು ಹಾಗೆ ಹೇಳಬೇಕಿತ್ತು, ಹೇಳಲಿಲ್ಲ. ಅವನ ಗೆಳೆಯನೊಬ್ಬ ಲ್ಯಾಪ್‌ಟಾಪ್ ಜೋಡಿಸಿ ಕಾರಿನ ಕಂಪ್ಯೂಟರಿಗೆ ಹೊಸ ಲೆಕ್ಕ ತುಂಬಿದ. ಟರ್ಬೊದ ಗಾಳಿ ಹೆಚ್ಚಿತು, ಡೀಸೆಲ್ ಹೆಚ್ಚಿತು. ಕಂಪನಿಯವರು ಕೊಟ್ಟಿದ್ದ 190 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, 250 ಆಯಿತಂತೆ.

ಹತ್ತು ದಿನ ನಾನು ಹಿಗ್ಗಿ ಹೀರೇಕಾಯಿಯಾದೆ. ಹನ್ನೊಂದನೆಯ ದಿನ ಹುಮನಾಬಾದ್ ರಸ್ತೆಯಲ್ಲಿ, ಕಮಲಾಪುರದ ಆಚೆ, ಲಾರಿಯೊಂದನ್ನು ಹಿಂದಿಕ್ಕಲು ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಆರ್‌ಪಿಎಂ ಮುಳ್ಳು ಎರಡು ಸಾವಿರದಿಂದ ಮೂರೂವರೆ ಸಾವಿರಕ್ಕೆ ಹಾರಿತು, ಎಂಜಿನ್ ಅರಚಿತು, ಕಾರು ಮಾತ್ರ ಇದ್ದ ವೇಗದಲ್ಲೇ ಇತ್ತು. ಲಾರಿಯವನು ಪಾಪ, ಕೈ ಬೀಸಿ ದಾರಿ ಬಿಟ್ಟ. ದಾರಿ ಇತ್ತು, ಹೋಗುವವನು ಇರಲಿಲ್ಲ. ಅಷ್ಟರಲ್ಲಿ ಒಳಗೆ ಕಮಟು ವಾಸನೆ. "ಯಾರದೋ ಮನೆಯಲ್ಲಿ ಪಲ್ಯ ತಳ ಹಿಡಿದಿದೆ" ಎಂದಳು ಹೆಂಡತಿ. ತಳ ಹಿಡಿದದ್ದು ಪಲ್ಯವಲ್ಲ. ಹಿಡಿಯಬೇಕಾದದ್ದನ್ನು ಹಿಡಿಯದೆ ಸುಟ್ಟುಕೊಂಡದ್ದು ನನ್ನ ಕ್ಲಚ್ಚು.

ರಿಂಗ್ ರಸ್ತೆಯ ಬದಿಯ ನಮ್ಮ ಉಸ್ತಾದರು ಬಾನೆಟ್ಟನ್ನೂ ಎತ್ತಲಿಲ್ಲ. ನನ್ನ ಅಂಗೈಗೆ ತಮ್ಮ ಗ್ರೀಸು ಮೆತ್ತಿದ ಅಂಗೈ ಒತ್ತಿ ತಿರುವಿದರು. "ಇದು ಎಂಜಿನ್ ತಿರುಗಿಸುವ ಚಕ್ರ, ಫ್ಲೈವೀಲು. ಇದು ಅದಕ್ಕೆ ಅಂಟಿ ತಿರುಗಿ ಗೇರಿಗೆ ಬಲ ಮುಟ್ಟಿಸುವ ಕ್ಲಚ್ ಪ್ಲೇಟು. ನಾನು ಜೋರಾಗಿ ತಿರುವಿದರೆ ನಿಮ್ಮ ಕೈ ಜಾರುತ್ತದೆ. ಜಾರಬಾರದು ಎಂದರೆ ಇನ್ನೂ ಬಿಗಿಯಾಗಿ ಒತ್ತಬೇಕು, ಇಲ್ಲವೇ ಅಂಗೈ ಒರಟಾಗಬೇಕು." ಬಿಗಿಯಾಗಿ ಒತ್ತುವುದೆಂದರೆ ಗಡುಸು ಸ್ಪ್ರಿಂಗಿನ ಪ್ರೆಷರ್ ಪ್ಲೇಟು, ಅದರ ಜೊತೆ ನಾರು, ರಾಳದ ಪದರವಿರುವ ಮಾಮೂಲಿ ಆರ್ಗ್ಯಾನಿಕ್ ಪ್ಲೇಟು ಹಾಕಿದರೆ ನಿಮ್ಮ ಗಾಡಿಗೆ ಸಾಕು ಎಂದರು. ಇಷ್ಟು ಒಳ್ಳೆಯ ಮಾತನ್ನು ಪುಕ್ಕಟೆಯಾಗಿ ಹೇಳಿದ್ದರಿಂದಲೇ ನನಗೆ ಅದರ ಬೆಲೆ ತಿಳಿಯಲಿಲ್ಲ.

ಭಾವಮೈದುನ ಫೋನಿನಲ್ಲೇ ನಕ್ಕ. ಆರ್ಗ್ಯಾನಿಕ್ ಮುದುಕರಿಗಂತೆ. ಕೆವ್ಲರ್ ಎಂಬ ಗಟ್ಟಿ ನಾರಿನದು ಬಹಳ ಬಾಳುತ್ತದೆ, ಆದರೆ ಮೊದಲ ಎಂಟುನೂರು ಕಿಲೋಮೀಟರ್ ಬಾಣಂತಿಯಂತೆ ನೋಡಿಕೊಳ್ಳಬೇಕು, ಒಮ್ಮೆ ಅತಿಯಾಗಿ ಕಾಯಿಸಿದರೆ ಕೆಟ್ಟಿತು. ಸೆರಾಮಿಕ್ ಮಾತ್ರ ಕಾದರೂ ಹಿಡಿಯುತ್ತದೆ, ರೇಸಿನ ಎಷ್ಟೋ ಜನ ಅದನ್ನೇ ಹಾಕುವುದು. ಅವ್ವ ಪಕ್ಕದಲ್ಲಿ ಕೇಳಿಸಿಕೊಂಡು, "ಸೆರಾಮಿಕ್ ಎಂದರೆ ಉಪ್ಪಿನಕಾಯಿ ಭರಣಿಯದೇ?" ಎಂದಳು. ನಾನು ರೇಸಿನವನಲ್ಲ, ಕಚೇರಿಗೆ ಆರು ಕಿಲೋಮೀಟರ್ ಹೋಗಿ ಬರುವವನು. ಆದರೂ ಹದಿನೆಂಟು ಸಾವಿರ ಕೊಟ್ಟು, ಬಿಸ್ಕತ್ತಿನಂಥ ಆರು ತುಂಡು ಅಂಟಿಸಿದ ಸೆರಾಮಿಕ್ ಪ್ಲೇಟನ್ನೂ ಗಡುಸು ಪ್ರೆಷರ್ ಪ್ಲೇಟನ್ನೂ ತರಿಸಿದೆ. ಉಸ್ತಾದರು ಒಂದು ಮಾತೂ ಆಡದೆ ಗೇರ್‌ಬಾಕ್ಸ್ ಇಳಿಸಿ ಕೂರಿಸಿದರು. ಆ ಮೌನಕ್ಕೂ ಅವರು ಬಿಲ್ ಹಾಕಿದ್ದಾರೆ ಎಂದು ನನ್ನ ಅನುಮಾನ.

ಮರುದಿನ ಅಮಾವಾಸ್ಯೆ. ಅವ್ವನನ್ನು ಅಪ್ಪನ ಗುಡಿಗೆ, ಅಂದರೆ ಶರಣಬಸವೇಶ್ವರ ದೇವಸ್ಥಾನಕ್ಕೆ, ಕರೆದುಕೊಂಡು ಹೊರಟೆ. ಈ ಕ್ಲಚ್ಚಿಗೆ ಎರಡೇ ಸ್ಥಿತಿ: ಇದೆ, ಇಲ್ಲ. ನಡುವೆ ಏನೂ ಇಲ್ಲ. ಪೆಡಲ್ ಕೂದಲೆಳೆಯಷ್ಟು ಮೇಲೆ ಬಂದರೆ ಕಾರು ಕಪ್ಪೆಯಂತೆ ಕುಪ್ಪಳಿಸುತ್ತದೆ. ಜಗತ್ ವೃತ್ತದ ಹತ್ತಿರ ಸಾಲು ಕಟ್ಟಿದ ಆಟೋಗಳ ನಡುವೆ ನಾವು ಕುಪ್ಪಳಿಸುತ್ತ ಸಾಗಿದೆವು. ಪ್ರತಿ ಜಿಗಿತಕ್ಕೂ ಅವ್ವನ ತಲೆಯ ಸೆರಗು ಜಾರುತ್ತಿತ್ತು, ಮಡಿಲಲ್ಲಿದ್ದ ತೆಂಗಿನಕಾಯಿ ಡ್ಯಾಶ್‌ಬೋರ್ಡಿಗೆ ಬಡಿಯುತ್ತಿತ್ತು. ಅವ್ವ ಹೆದರಲಿಲ್ಲ. "ತಮ್ಮಾ, ಗಾಡಿಗೆ ಬಿಕ್ಕಳಿಕೆ ಹತ್ತಿದೆ. ಯಾರೋ ನೆನೆಸುತ್ತಿದ್ದಾರೆ" ಎಂದಳು. ನೆನೆಸುವವರ ಹೆಸರು ಹೇಳಿದರೆ ಬಿಕ್ಕಳಿಕೆ ನಿಲ್ಲುತ್ತದಲ್ಲ? ಶುರು ಮಾಡಿಯೇಬಿಟ್ಟಳು. "ಆಳಂದದ ಅತ್ತೆಯೇ?" ಕಾರು ಜಿಗಿಯಿತು. "ಚಿತ್ತಾಪುರದ ಚಿಗವ್ವ?" ಮತ್ತೆ ಜಿಗಿಯಿತು. "ಸೇಡಂ ಬೀಗರು?" ಈ ಸಲ ತುಸು ಜೋರಾಗಿಯೇ ಜಿಗಿಯಿತು. ಸತ್ತವರನ್ನು ಬಿಟ್ಟು ಬಂಧುಬಳಗವೆಲ್ಲ ಮುಗಿಯಿತು. ಕೊನೆಗೆ ಅವ್ವ ಯೋಚಿಸಿ, "ಸಾಲ ಕೊಟ್ಟ ಬ್ಯಾಂಕಿನವರೇ?" ಎಂದಳು. ಎಂಜಿನ್ ಒಂದು ಸಲ ನಡುಗಿ ಗಪ್ಪಾಯಿತು.

"ನೋಡಿದೆಯಾ!" ಎಂದಳು ಅವ್ವ.

ಹಿಂದೆ ಹಾರ್ನುಗಳ ಭಜನೆ. ಪಕ್ಕದ ಆಟೋದವನು ತಲೆ ಹೊರಹಾಕಿ, "ಅಣ್ಣಾರೆ, ಕಲಿಯುವಾಗ ಎಲ್ ಬೋರ್ಡ್ ಹಾಕಿಕೊಳ್ಳಿರಿ" ಎಂದ. ಇಪ್ಪತ್ತೆರಡು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ ಎಂದು ಅವನಿಗೆ ಹೇಳಿದರೆ ಮರ್ಯಾದೆ ಇನ್ನಷ್ಟು ಹೋಗುತ್ತಿತ್ತು.

ಓಡಿಸಲು ಕಲಿಸಿದ್ದು ಅಪ್ಪ. ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ತೊಗರಿ ಚೀಲ ಸಾಗಿಸುವ ಮೆಟಡೋರ್ ವ್ಯಾನ್ ಅವನದು. ಭಾನುವಾರ ಗಂಜು ಖಾಲಿ ಇರುವಾಗ ನನ್ನನ್ನು ಸ್ಟೇರಿಂಗಿಗೆ ಕೂರಿಸಿ, ತಾನು ಪಕ್ಕದಲ್ಲಿ ಬಸಿಯಲ್ಲಿ ಚಹಾ ಸುರಿದುಕೊಂಡು ಕೂರುತ್ತಿದ್ದ. ಚಹಾ ಧೋತರದ ಮೇಲೆ ಚೆಲ್ಲಿತೆಂದರೆ ಆ ವಾರದ ಪಾಠ ಮುಗಿಯಿತು. "ಕ್ಲಚ್ ಬಿಡುವುದಲ್ಲ, ಬಿಟ್ಟುಕೊಡುವುದು" ಎನ್ನುತ್ತಿದ್ದ. ಏಳನೆಯ ಭಾನುವಾರ ಬಸಿ ತುಳುಕಲಿಲ್ಲ. ಅಪ್ಪ ಏನೂ ಹೇಳದೆ ಚಹಾ ಕುಡಿದು ಬಸಿಯನ್ನು ಕಿಟಕಿಯಿಂದ ಹೊರಗೆ ಕೊಡವಿದ.

ಮೊನ್ನೆ ಮತ್ತೆ ಉಸ್ತಾದರ ಬಳಿ ಹೋದೆ. ಗೇರ್‌ಬಾಕ್ಸ್ ಮತ್ತೆ ಇಳಿಯಿತು. ಫ್ಲೈವೀಲಿನ ಮೇಲೆ ಗೆರೆ ಬಿದ್ದಿದೆ ಎಂದು ಅದು ಲೇಥಿಗೂ ಹೋಗಿ ಬಂತು. ಗಡುಸು ಪ್ರೆಷರ್ ಪ್ಲೇಟ್ ಹಾಗೆಯೇ ಇರಲಿ, ಆರ್ಗ್ಯಾನಿಕ್ ಪ್ಲೇಟ್ ಹಾಕೋಣ ಎಂದರು, ಮೊದಲ ದಿನ ಹೇಳಿದ್ದನ್ನೇ, ಅದೇ ದನಿಯಲ್ಲಿ. ಈಗ ಕಾರು ಜಿಗಿಯುವುದಿಲ್ಲ, ಜಾರುವುದೂ ಇಲ್ಲ. ಪೆಡಲ್ ಮಾತ್ರ ಒನಕೆಯಷ್ಟು ಭಾರ. ಅದರ ಫಲವೇ ಈ ಮುಲಾಮು. ಪ್ಲೇಟು ಹೊಂದಿಕೊಳ್ಳುವ ತನಕ ನಿಧಾನವಾಗಿ ಓಡಿಸಬೇಕಂತೆ. ಹೀಗಾಗಿ 250 ನ್ಯೂಟನ್ ಮೀಟರಿನ ಕಾರನ್ನು ಈಗ ಎತ್ತಿನ ಬಂಡಿಗಳೂ ಹಿಂದಿಕ್ಕುತ್ತಿವೆ.

ಸೆರಾಮಿಕ್ ಪ್ಲೇಟನ್ನು ಮಾರಲು ನೋಡಿದೆ, ಕಲಬುರಗಿಯಲ್ಲಿ ನನ್ನಂಥ ಇನ್ನೊಬ್ಬ ಸಿಗಲಿಲ್ಲ. ಅವ್ವ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ಮೊಸರಿನ ಗಡಿಗೆಯ ಮುಚ್ಚಳದ ಮೇಲೆ ಇಟ್ಟಿದ್ದಾಳೆ. ಓಣಿಯ ಬೆಕ್ಕು ಎರಡು ರಾತ್ರಿ ಹೆಣಗಾಡಿತು. ಮುಚ್ಚಳ ಒಂದಿಷ್ಟೂ ಜಾರಲಿಲ್ಲ. ಹುಡುಗ ಸುಳ್ಳು ಹೇಳಿರಲಿಲ್ಲ, ಒಳ್ಳೆಯ ಹಿಡಿತ.