ಉರಿದರೆ ಕೆಲಸ ಮಾಡುತ್ತಿದೆ ಎಂದರ್ಥವಲ್ಲ

ನಿನ್ನೆ ಸಂಜೆ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗಿ, ನರ್ಸಿಂಗ್ ಓದುತ್ತಿರುವವಳು, ಸಮವಸ್ತ್ರದಲ್ಲೇ ಬಂದಿದ್ದಳು. ಹಣ ಕೊಡಲು ಕೈ ಚಾಚಿದಾಗ ನೋಡಿದೆ. ಬೆರಳ ಗೆಣ್ಣುಗಳ ಮೇಲೆ ಚರ್ಮ ಬಿರಿದು ಕೆಂಪು ಗೀರುಗಳು, ಬೆರಳ ಸಂದಿಯಲ್ಲಿ ಎದ್ದ ಹೊಪ್ಪಳೆ, ಹೆಬ್ಬೆರಳ ಬುಡದಲ್ಲಿ ಒಣಗಿದ ರಕ್ತದ ಒಂದು ಚುಕ್ಕೆ. “ಕೈ ತೊಳೆದು ತೊಳೆದು ಉರಿಯುತ್ತಿದೆ, ಬೇರೆ ಯಾವುದಾದರೂ ಸೋಪು ಕೊಡಿ” ಎಂದಳು. ಅಂಗಡಿಯವರು ಒಂದು ಕ್ಷಣವೂ ಯೋಚಿಸದೆ ಘಾಟು ವಾಸನೆಯ ಸೋಪೊಂದನ್ನು ಮುಂದಿಟ್ಟರು. “ಆಸ್ಪತ್ರೆಯವರಿಗೆ ಇದೇ ಸರಿ. ಒಂದು ಕೀಟಾಣುವೂ ಉಳಿಯುವುದಿಲ್ಲ. ಉರಿದರೆ ಕೆಲಸ ಮಾಡುತ್ತಿದೆ ಎಂದರ್ಥ.”

ಆ ಕೊನೆಯ ಮಾತು ಕೇಳಿ ನನ್ನ ತಲೆ ಕೆಟ್ಟಿತು. ನಾನು ದಿನವಿಡೀ ರಕ್ತ, ಕಫ, ಮೂತ್ರದ ಮಾದರಿಗಳ ನಡುವೆ ಇರುವವಳೆಂದು ನಿಮಗೆಲ್ಲ ಗೊತ್ತು. ಕೈ ತೊಳೆಯುವುದು ಕಡಿಮೆ ಮಾಡಿ ಎಂದು ನಾನು ಯಾವತ್ತೂ ಹೇಳುವವಳಲ್ಲ. ಆದರೆ ಉರಿ ಎಂದರೆ ಸೋಪು ಗೆಲ್ಲುತ್ತಿದೆ ಎಂದಲ್ಲ, ಚರ್ಮ ಸೋಲುತ್ತಿದೆ ಎಂದು. ಚರ್ಮ ಸೋತ ಕೈಯಲ್ಲಿ ರೋಗಾಣುಗಳು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತವೆ. ಬಿರುಕಿನಲ್ಲಿ ಅವುಗಳಿಗೆ ಬೇರೂರಲು ಜಾಗ ಸಿಗುತ್ತದೆ. ಕೀವು ತರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕಂತೂ ಬಿರಿದ ಚರ್ಮವೆಂದರೆ ತೆರೆದ ಬಾಗಿಲು. ಅಷ್ಟೇ ಅಲ್ಲ, ಉರಿಯುವ ಕೈಯನ್ನು ತೊಳೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಮೊದಲು ಬೇಗ ಬೇಗ ತೊಳೆಯುತ್ತಾರೆ, ಆಮೇಲೆ ತಪ್ಪಿಸುತ್ತಾರೆ.

ಚರ್ಮದ ಮೇಲ್ಪದರವೆಂದರೆ ನಮ್ಮ ಹಳೆಯ ಮನೆಗಳ ಹೆಂಚಿನ ಮಾಡು ಇದ್ದ ಹಾಗೆ. ಹೆಂಚು ಎಷ್ಟೇ ಗಟ್ಟಿಯಿದ್ದರೂ ಸಂದು ಸರಿಯಿಲ್ಲದಿದ್ದರೆ ಆಷಾಢದ ಮಳೆ ಒಳಗೇ ಸುರಿಯುತ್ತದೆ. ಚರ್ಮದಲ್ಲಿ ಆ ಸಂದುಗಳನ್ನು ಮುಚ್ಚಿರುವುದು ತೆಳುವಾದ ಕೊಬ್ಬಿನ ಅಂಶ. ಸೋಪಿಗೆ ಕೈಯ ಮೇಲಿರುವ ಕೊಳಕು ಎಣ್ಣೆ ಯಾವುದು, ಚರ್ಮದ ಸ್ವಂತ ಎಣ್ಣೆ ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ಎಬ್ಬಿಸಿ ನೀರಿನೊಂದಿಗೆ ಸಾಗಿಸುತ್ತದೆ. ದಿನಕ್ಕೆ ನಾಲ್ಕು ಬಾರಿ ತೊಳೆಯುವವರ ಚರ್ಮ ಹೋದದ್ದನ್ನು ಮತ್ತೆ ತುಂಬಿಕೊಳ್ಳುತ್ತದೆ. ನಲವತ್ತು ಬಾರಿ ತೊಳೆಯುವವರಿಗೆ ಆ ಅವಕಾಶವೇ ಇಲ್ಲ. ಇದಕ್ಕೆ ಕ್ಷಾರದ ಕಾಟ ಬೇರೆ. ಹುಳಿ, ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಆರೋಗ್ಯವಂತ ಚರ್ಮದ್ದು 5ರ ಆಸುಪಾಸು, ಅಂದರೆ ಸ್ವಲ್ಪ ಹುಳಿ. ಎಣ್ಣೆಗೆ ಕಾಸ್ಟಿಕ್ ಸೋಡ ಬೆರೆಸಿ ಮಾಡಿದ ಮಾಮೂಲಿ ಸೋಪಿನದು 9ರಿಂದ 10, ಅಂದರೆ ಕ್ಷಾರ. ಈ ಲೆಕ್ಕದಲ್ಲಿ ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ಚರ್ಮ ತನ್ನ ಹುಳಿಗೆ ಮರಳುವ ಮೊದಲೇ ನಾವು ಮತ್ತೆ ನಲ್ಲಿಯ ಕೆಳಗೆ ಕೈ ಒಡ್ಡಿರುತ್ತೇವೆ.

ಹಾಗಾದರೆ ಕೀಟಾಣುಗಳ ಗತಿ? ಇದನ್ನೇ ಎಷ್ಟು ಸಲ ಹೇಳಬೇಕೋ ತಿಳಿಯದು. ಕೈ ತೊಳೆಯುವುದರಲ್ಲಿ ಮುಖ್ಯ ಕೆಲಸ ಕೊಲ್ಲುವುದಲ್ಲ, ಎಬ್ಬಿಸಿ ಸಾಗಹಾಕುವುದು. ಇಪ್ಪತ್ತು ಸೆಕೆಂಡು ಉಜ್ಜಿ, ಬೆರಳ ಸಂದಿ, ಉಗುರಿನ ಕೆಳಗೆ, ಹೆಬ್ಬೆರಳ ಸುತ್ತ ಬಿಡದೆ ತೊಳೆದರೆ ಯಾವ ಸಾದಾ ಸೋಪಾದರೂ ಈ ಕೆಲಸ ಮಾಡುತ್ತದೆ. ಕೊರೊನಾ ವೈರಾಣುವಿನಂತೆ ಕೊಬ್ಬಿನ ಹೊದಿಕೆ ಇರುವವನ್ನಂತೂ ಅದು ಒಡೆದೇ ಹಾಕುತ್ತದೆ. 2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಮನೆಬಳಕೆಯ ಸೋಪುಗಳಲ್ಲಿ ಕೀಟಾಣು ಕೊಲ್ಲಲೆಂದು ಬೆರೆಸುವ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಸೇರಿ 19 ರಾಸಾಯನಿಕಗಳನ್ನು ನಿಷೇಧಿಸಿತು. ಸಾದಾ ಸೋಪು ಮತ್ತು ನೀರಿಗಿಂತ ಇವು ಹೆಚ್ಚು ಪರಿಣಾಮಕಾರಿ ಎಂದು ತಯಾರಕರು ತೋರಿಸಿಕೊಡಲಿಲ್ಲ, ದೀರ್ಘಕಾಲ ದಿನನಿತ್ಯ ಬಳಸಿದರೆ ಅಪಾಯವಿಲ್ಲ ಎಂದೂ ತೋರಿಸಿಕೊಡಲಿಲ್ಲ ಎಂಬುದು ಅದು ಕೊಟ್ಟ ಕಾರಣ. ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ಬಳಸುವ ದ್ರಾವಣಗಳ ವಿಷಯ ಬೇರೆ, ಅವು ಈ ನಿಷೇಧದಲ್ಲಿ ಬರುವುದಿಲ್ಲ. ನಾನು ಹೇಳುತ್ತಿರುವುದು ನಮ್ಮ ಅಡುಗೆಮನೆಯ, ಶಾಲೆಯ, ಹೋಟೆಲಿನ, ವಾರ್ಡಿನ ಸಿಂಕಿನ ಪಕ್ಕದ ಸೋಪಿನ ಮಾತು.

ಆಸ್ಪತ್ರೆಯ ಕೈ ಎಂದ ಕೂಡಲೇ ನೆನಪಾಗುತ್ತದೆ. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್ ಇದ್ದರು. ರೋಗಾಣು ಕೊಲ್ಲಲೆಂದು ಬಳಸುತ್ತಿದ್ದ ಪಾದರಸದ ಕ್ಲೋರೈಡ್ ದ್ರಾವಣದಲ್ಲಿ ಕೈ ಅದ್ದಿ ಅದ್ದಿ ಅವರ ಕೈ, ತೋಳಿನ ಚರ್ಮವೆಲ್ಲ ಕಿತ್ತುಬಂತು. ಆಗ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1889–90ರ ಚಳಿಗಾಲದಲ್ಲಿ ಗುಡ್‌ಇಯರ್ ರಬ್ಬರ್ ಕಂಪನಿಗೆ ಬರೆದು ಅವರಿಗಾಗಿ ತೆಳುವಾದ ರಬ್ಬರ್ ಕೈಗವಸು ಮಾಡಿಸಿದರು. ಇಂದು ಜಗತ್ತಿನ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲೆಲ್ಲ ಇರುವ ಕೈಗವಸು ಅಲ್ಲಿ ಬಂದದ್ದು ರೋಗಿಯನ್ನು ಕಾಪಾಡಲಿಕ್ಕಲ್ಲ, ಒಬ್ಬ ನರ್ಸಿನ ಒಡೆದ ಕೈಗಾಗಿ. ನೂರಮೂವತ್ತು ವರ್ಷಗಳ ಹಿಂದೆಯೇ ಒಬ್ಬರು ನರ್ಸಿನ ಕೈ ನೋಡಿ ಇದು ಸರಿಯಲ್ಲ ಎಂದುಕೊಂಡರು. ನಾವು ಇಂದಿಗೂ ಒಡೆದ ಕೈ ನೋಡಿ ಇನ್ನೂ ಖಾರದ ಸೋಪು ಕೊಡುತ್ತಿದ್ದೇವೆ.

ಸೋಪು ಆರಿಸುವಾಗ ಮುಂಭಾಗದ ಚಿತ್ರ ಬಿಡಿ, ಹಿಂಭಾಗ ತಿರುಗಿಸಿ ಓದಿ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಟಾಯ್ಲೆಟ್ ಸೋಪು, ಅಂದರೆ ಮೈಕೈ ತೊಳೆಯುವ ಸೋಪು, ಗ್ರೇಡ್ 1 ಎನಿಸಿಕೊಳ್ಳಲು ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ, ಶೇ. 76 ಇರಬೇಕು. ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60. ‘ಬೇದಿಂಗ್ ಬಾರ್’ ಎಂದು ಬರೆದದ್ದಕ್ಕೆ 40 ಇದ್ದರೂ ಸಾಕು. ಕೀಟಾಣುವಿನ ಹೆಸರಲ್ಲಿ ಹೆದರಿಸಿ ಮಾರುವ ಸೋಪುಗಳ ಹಿಂಬದಿಯಲ್ಲಿ ಯಾವ ಗ್ರೇಡ್ ಇದೆ ಎಂದು ನೀವೇ ನೋಡಿ. ಆದರೆ ಟಿಎಫ್‌ಎಂ ಒಂದೇ ಸಾಲದು, ಗ್ರೇಡ್ 1 ಸೋಪೂ ಕ್ಷಾರವೇ. ದಿನವಿಡೀ ತೊಳೆಯುವ ಕೈಗೆ ನಿಜಕ್ಕೂ ಬೇಕಾದದ್ದು ಸಿಂಡೆಟ್ ಎಂಬ ಜಾತಿಯ ಸೋಪು. ಅದು ನೋಡಲು ಸೋಪಿನಂತೆಯೇ ಇದ್ದರೂ ಕಾಸ್ಟಿಕ್ ಸೋಡದಿಂದ ಮಾಡಿದ್ದಲ್ಲ. ಹಿಂಬದಿಯ ಪದಾರ್ಥಗಳ ಪಟ್ಟಿಯ ಮೊದಲಲ್ಲೇ ‘ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್’ ಎಂದಿದ್ದರೆ ಸಿಂಡೆಟ್, ‘ಸೋಡಿಯಂ ಪಾಮೇಟ್’ ಎಂದಿದ್ದರೆ ಮಾಮೂಲಿ ಸೋಪು. ದ್ರವವಾದರೆ ‘ಸೋಡಿಯಂ ಲಾರಿಲ್ ಸಲ್ಫೇಟ್’ ಮುಂಚೂಣಿಯಲ್ಲಿರುವುದು ಬೇಡವೇ ಬೇಡ. ಚರ್ಮವನ್ನು ಬೇಕೆಂದೇ ಕೆರಳಿಸಿ ಪರೀಕ್ಷೆ ಮಾಡಬೇಕಾದಾಗ ಚರ್ಮವಿಜ್ಞಾನಿಗಳು ಬಳಸುವ ವಸ್ತುವೇ ಅದು! ಗ್ಲಿಸರಿನ್ ಇರಲಿ. ಪರಿಮಳ ಇಲ್ಲದಿರಲಿ.

ಪರಿಮಳ ಬೇಡ ಎಂದಾಗ ನಮ್ಮೂರಿನವರಿಗೆ ಬೇಸರವಾಗುತ್ತದೆ. 1944ರಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂದ ಊರು ಶಿವಮೊಗ್ಗ. ಗಂಧದ ಸೋಪು ನಮ್ಮ ಹೆಮ್ಮೆ, ನಮ್ಮ ಮನೆಯ ಬಚ್ಚಲಲ್ಲೂ ಅದೇ ಇದೆ, ಇನ್ನು ಮುಂದೆಯೂ ಇರುತ್ತದೆ. ಆದರೆ ಸ್ನಾನ ದಿನಕ್ಕೊಮ್ಮೆ. ಒಡೆದ ಚರ್ಮದೊಳಗೆ ದಿನವಿಡೀ ಸುಗಂಧದ್ರವ್ಯ ಇಳಿಯುತ್ತಿದ್ದರೆ ಅಲರ್ಜಿ ಹತ್ತಿಕೊಳ್ಳುತ್ತದೆ, ಒಮ್ಮೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಗಂಧ ಮೈಗಿರಲಿ, ಕೆಲಸದ ಕೈಗೆ ಬೇಡ.

ಮದುವೆ ಛತ್ರಗಳ ಕೈ ತೊಳೆಯುವ ಜಾಗದ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕ್ಯಾನಿನಿಂದ ಸುರಿದ ನೀಲಿ ದ್ರವ, ಅದು ತಳ ಕಾಣುವಾಗ ಮತ್ತಷ್ಟು ನೀರು, ಅದರ ಮೇಲೆ ಮತ್ತೆ ದ್ರವ. ತಿಂಗಳುಗಟ್ಟಲೆ ತೊಳೆಯದ ಬಾಟಲಿಯಲ್ಲಿ ಹೀಗೆ ತುಂಬುತ್ತಾ ಹೋದರೆ ಸೋಪಿನಲ್ಲೇ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ ತುಂಬಬೇಕು. ಅದಾಗದಿದ್ದರೆ ಗಟ್ಟಿ ಸೋಪೇ ಇಡಿ, ಆದರೆ ನೀರು ನಿಲ್ಲುವ ಡಬ್ಬಿಯಲ್ಲಿ ಬೇಡ. ನಮ್ಮ ಮಳೆಗಾಲದಲ್ಲಿ ಸೋಪು ಒಣಗುವುದೇ ಇಲ್ಲ, ತಳವೆಲ್ಲ ಲೋಳೆಯಾಗುತ್ತದೆ. ಒಣಗಿದ ತುಪ್ಪದ ಹೀರೆಯ ನಾರನ್ನು ಒಂದು ಬೆರಳು ದಪ್ಪಕ್ಕೆ ಕತ್ತರಿಸಿ ಅಡಿಗಿಡಿ, ನೀರು ಬಸಿದು ಸೋಪು ಒಣಗಿರುತ್ತದೆ.

“ನಮ್ಮ ಅಜ್ಜಿ ಬೂದಿಯಲ್ಲಿ ಕೈ ತೊಳೆಯುತ್ತಿದ್ದರು, ಅವರಿಗೇನಾಗಿತ್ತು” ಎನ್ನುವವರು ಇಷ್ಟು ಹೊತ್ತಿಗೆ ತಯಾರಾಗಿರುತ್ತೀರಿ. ಏನಾಗಿತ್ತು ಎಂದು ಅಜ್ಜಿಯ ಕೈ ನೋಡಿದವರಿಗೆ ಗೊತ್ತು. ಬೂದಿ ನೀರು ಸೋಪಿಗಿಂತಲೂ ಕ್ಷಾರ. ಅವರ ಅಂಗೈ ಗೀರುಗಳಲ್ಲಿ ಚಳಿಗಾಲವಿಡೀ ರಕ್ತ ಜಿನುಗುತ್ತಿತ್ತು, ಯಾರಿಗೂ ಹೇಳಿಕೊಳ್ಳಲಿಲ್ಲ, ಅಷ್ಟೇ. ಅಂಟುವಾಳದ ಮಾತು ಬೇರೆ, ಅದರ ನೊರೆ ಅಷ್ಟು ಕ್ಷಾರವಲ್ಲ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನೆನೆಸಿಟ್ಟ ನೀರು ಒಂದೆರಡು ದಿನಕ್ಕೆ ಹಳಸುತ್ತದೆ. ಮನೆಯಲ್ಲಿ ನಡೆಯಬಹುದು, ಇಪ್ಪತ್ತು ಜನ ಕೈ ತೊಳೆಯುವ ವಾರ್ಡಿನಲ್ಲಿ ನಡೆಯುವುದಿಲ್ಲ.

ಕೈಗಳ ಮಾತು ಬಂದಾಗ ನನಗೆ ಹೆಚ್ಚು ನೋವಾಗುವುದು ಅಡಿಕೆ ಸುಲಿತದ ಕಾಲದಲ್ಲಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮೆಟ್ಟುಗತ್ತಿಯ ಮುಂದೆ ಮಧ್ಯರಾತ್ರಿಯವರೆಗೆ ಕುಳಿತು ಹಸಿ ಅಡಿಕೆ ಸುಲಿಯುವ ಹೆಂಗಸರ ಬೆರಳುಗಳು ವಾರದೊಳಗೆ ಕಪ್ಪಾಗುತ್ತವೆ. ಹೆಬ್ಬೆರಳ ತುದಿಯ ಚರ್ಮ ದಪ್ಪಗಟ್ಟಿ ಅಡ್ಡಡ್ಡ ಸೀಳುತ್ತದೆ, ಸೀಳಿನೊಳಗೂ ಚೊಗರಿನ ಕಪ್ಪು ಗೆರೆ. ಮನೆಗೆ ಹೋಗಿ ಅನ್ನ ಕಲಸಬೇಕಲ್ಲ, ನಾಲ್ಕು ಜನರೆದುರು ಕೈ ತೋರಿಸಲು ಸಂಕೋಚ ಬೇರೆ. ಅದಕ್ಕೆ ಬಟ್ಟೆ ಸೋಪು ಹಾಕಿ ಕಲ್ಲಿಗೆ ಉಜ್ಜುತ್ತಾರೆ, ಕೆಲವರು ಬ್ಲೀಚಿಂಗ್ ಪುಡಿಯನ್ನೇ ಹಾಕುತ್ತಾರೆ. ದಯವಿಟ್ಟು ಬೇಡ. ಚೊಗರು ಎಂದರೆ ಟ್ಯಾನಿನ್, ಅದು ಚರ್ಮದ ಪ್ರೋಟೀನಿಗೇ ಕಚ್ಚಿಕೊಳ್ಳುತ್ತದೆ. ಯಾವ ಸೋಪಿಗೂ ಅದು ಪೂರ್ತಿ ಬಿಡುವುದಿಲ್ಲ, ಆ ಪದರ ತಾನಾಗಿ ಉದುರಿದಾಗಲೇ ಹೋಗುವುದು. ಉಜ್ಜಿದಷ್ಟೂ ಕಿತ್ತುಬರುವುದು ಬಣ್ಣವಲ್ಲ, ಚರ್ಮ. ಹಲಸು ಬಿಡಿಸುವ ಮೊದಲು ಕೈಗೆ ಎಣ್ಣೆ ಹಚ್ಚಿಕೊಳ್ಳುವ ನಾವು ಸುಲಿತಕ್ಕೆ ಕೂರುವ ಮೊದಲೂ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಬಹುದು. ಎದ್ದ ಮೇಲೆ ಮೃದು ಸೋಪು, ತಣ್ಣೀರು.

ತಣ್ಣೀರು ಎಂದದ್ದನ್ನು ಗಮನಿಸಿ. ಬಚ್ಚಲ ಹಂಡೆಯ ಸುಡುನೀರು ಕೈಗೆ ಹಿತವೆನಿಸುತ್ತದೆ, ಆದರೆ ಚರ್ಮದ ಕೊಬ್ಬನ್ನು ಕರಗಿಸಿ ಒಯ್ಯುತ್ತದೆ. ನಮ್ಮ ಬಾವಿ ನೀರು ಮೆದು, ಸ್ವಲ್ಪ ಸೋಪಿಗೇ ನೊರೆ ಬರುತ್ತದೆ, ಹಾಗಾಗಿ ಸೋಪು ಕಡಿಮೆ ಸಾಕು, ತೊಳೆಯುವ ನೀರು ಹೆಚ್ಚು ಬೇಕು. ಉಂಗುರ ತೆಗೆದು ತೊಳೆಯಿರಿ. ಅದರ ಕೆಳಗೆ ಉಳಿದ ಸೋಪು ದಿನವಿಡೀ ಚರ್ಮ ತಿನ್ನುತ್ತಿರುತ್ತದೆ, ಉಂಗುರದಡಿಯೇ ಮೊದಲು ಕೆರೆತ ಏಳುವುದು ಇದೇ ಕಾರಣಕ್ಕೆ. ಒರೆಸುವಾಗ ಉಜ್ಜದೆ ಒತ್ತಿ, ಪಸೆ ಆರುವ ಮೊದಲೇ ಏನಾದರೂ ಜಿಡ್ಡು ಹಚ್ಚಿ. ಪೆಟ್ರೋಲಿಯಂ ಜೆಲ್ಲಿ ಸಾಕು. ಮುರುಗಲು (ಪುನರ್ಪುಳಿ) ಬೀಜದ ತುಪ್ಪವೋ ಉಪ್ಪಾಗೆ ಬೀಜದ ತುಪ್ಪವೋ ಮನೆಯಲ್ಲಿದ್ದರೆ ಇನ್ನೇನು ಬೇಕು? ಗಟ್ಟಿ ಉಂಡೆಯನ್ನು ಬೆರಳಲ್ಲಿ ಒತ್ತಿ ಹಿಡಿದರೆ ಮೈಯ ಬಿಸಿಗೇ ಮೆತ್ತಗಾಗುತ್ತದೆ. ಹಿಮ್ಮಡಿಗೆ ಮಾತ್ರ ಹಚ್ಚಿ ಕೈಯನ್ನು ಯಾಕೆ ಮರೆಯುತ್ತೀರಿ?

ಆಸ್ಪತ್ರೆಯಲ್ಲಿರುವವರಿಗೆ ಇನ್ನೊಂದು ಮಾತು. ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾಗಿಲ್ಲದಿದ್ದರೆ ಗ್ಲಿಸರಿನ್ ಇರುವ ಆಲ್ಕೋಹಾಲ್ ದ್ರಾವಣ ಚರ್ಮಕ್ಕೆ ಸೋಪಿಗಿಂತ ಹಗುರ. ಒಡೆದ ಕೈಗೆ ಅದು ಚುರುಕ್ ಎನ್ನುತ್ತದೆ ನಿಜ, ಆದರೆ ಒಡೆಯಲು ಕಾರಣ ಬಹುಮಟ್ಟಿಗೆ ಅದಲ್ಲ, ಅದಕ್ಕೂ ಮೊದಲಿನ ಸೋಪು. ವಾಂತಿಭೇದಿಯ ರೋಗಿಗಳ ಹತ್ತಿರ ಹೋಗಿ ಬಂದಾಗ ಮಾತ್ರ ಸೋಪು, ನೀರೇ ಬೇಕು.

ದುಬಾರಿ ಎನ್ನುತ್ತೀರಿ. ಹೌದು, ಸಿಂಡೆಟ್‌ಗೆ ಮಾಮೂಲಿ ಸೋಪಿನ ಹಲವು ಪಟ್ಟು ಬೆಲೆ. ಆದರೆ ಆ ಹಣವನ್ನು ನರ್ಸಿಂಗ್ ಹುಡುಗಿ ತನ್ನ ಕೈಖರ್ಚಿನಿಂದ ಯಾಕೆ ಕೊಡಬೇಕು? ಸುಲಿತದ ಹೆಂಗಸು ಕೂಲಿಯಿಂದ ಯಾಕೆ ಕೊಡಬೇಕು? ದಿನಕ್ಕೆ ಅಷ್ಟು ಬಾರಿ ಕೈ ತೊಳೆಯಿರಿ ಎಂದು ನಿಯಮ ಮಾಡಿದವರು ಯಾರೋ ಅವರೇ ಕೊಡಬೇಕು. 2008ರಿಂದ ಪ್ರತಿ ಅಕ್ಟೋಬರ್ 15ಕ್ಕೆ ವಿಶ್ವ ಕೈ ತೊಳೆಯುವ ದಿನ ಬರುತ್ತದೆ, ಗೋಡೆಗೆಲ್ಲ ಚಿತ್ರ ಅಂಟಿಸುತ್ತೇವೆ. ಯಾವಾಗ ತೊಳೆಯಬೇಕು, ಎಷ್ಟು ಹೊತ್ತು ತೊಳೆಯಬೇಕು ಎಲ್ಲ ಅದರಲ್ಲಿದೆ. ತೊಳೆದ ಕೈ ಏನಾಯಿತು ಎಂದು ಕೇಳುವ ಒಂದು ಸಾಲು ನಾನು ಕಂಡಿಲ್ಲ. ಆಸ್ಪತ್ರೆ, ಹೋಟೆಲು, ಛತ್ರ ನಡೆಸುವವರು ನನ್ನ ಸ್ನೇಹಿತರ ಪಟ್ಟಿಯಲ್ಲೇ ಇದ್ದೀರಿ. ನಾಳೆ ನಿಮ್ಮ ಕೆಲಸದವರ ಕೈ ತಿರುಗಿಸಿ ನೋಡಿ. ತೋಟದವರು ಈ ಸಲ ಸುಲಿತಕ್ಕೆ ಜನ ಹೇಳುವಾಗ ಕೂಲಿ, ಚಹಾ, ಎಲೆಯಡಿಕೆಯ ಜೊತೆಗೆ ಒಂದು ಒಳ್ಳೆಯ ಸೋಪು, ಒಂದು ಡಬ್ಬಿ ಜೆಲ್ಲಿಯನ್ನೂ ಅಂಗಳದ ನಲ್ಲಿಯ ಹತ್ತಿರ ಇಡಿ.

ಯಾವ ಕಂಪನಿಯದು ಎಂದು ನನ್ನನ್ನು ಕೇಳಬೇಡಿ, ಹೆಸರು ಹೇಳುವುದಿಲ್ಲ. ನಿಮ್ಮ ಮನೆಯ ಸೋಪಿನ ಹಿಂಬದಿಯ ಚಿತ್ರ ತೆಗೆದು ಕಳುಹಿಸಿ, ಅಕ್ಷರ ಕಾಣುವಂತಿರಲಿ. ರಾತ್ರಿ ಕೆಲಸ ಮುಗಿಸಿ ಬಂದು ಒಂದೊಂದನ್ನೂ ಓದಿ ಉತ್ತರಿಸುತ್ತೇನೆ.