ವರದಿಗೆ ಛಾವಣಿ ಇದೆ, ಬಿಲ್ಲಿಗೆ ಇಲ್ಲ

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಅವ್ವ ಪಕ್ಕದಲ್ಲಿ ಕಿಟಕಿಗೆ ತಲೆ ಕೊಟ್ಟು ಮಲಗಿದ್ದಾಳೆ. ಅಥವಾ ಮಲಗಿದ ಹಾಗೆ ಮಾಡುತ್ತಿದ್ದಾಳೆ. ನನಗಂತೂ ಇವತ್ತು ನಿದ್ದೆ ಬರಲ್ಲ.

"ಫೋಟೋದಾಗ ಇರೋದು ನಿನ್ನ ಮಾರಿನ ಹೌದಲ್ಲ?"

ಹೀಗೆ ಕೇಳಿದ, ಸರ್ಕಾರಿ ಆಫೀಸಿನ ಕೌಂಟರಿನವನು. 68 ವರ್ಷದ ಹೆಂಗಸಿಗೆ, ಏಕವಚನದಲ್ಲಿ, ಹಿಂದೆ ಹದಿನೈದು ಜನ ಪಾಳಿ ಹಚ್ಚಿ ನಿಂತಿರುವಾಗ.

ಲಾಕ್ ಆಗಿದೆ ಅಂತ ಹೋದ ತಿಂಗಳೇ ಗೊತ್ತಾಗಿತ್ತು. ನೆರೆಯಲ್ಲಿ ಬಿದ್ದ ಮನೆ ಕಟ್ಟಿಕೊಳ್ಳೋಕೆ ಸರ್ಕಾರ ಹಂತ ಹಂತವಾಗಿ ಕೊಡುವ ದುಡ್ಡಿನ ಮೂರನೇ ಕಂತು. ಅದಕ್ಕೇ ಇಲ್ಲಿ ಬಿಲ್ಲು ಅನ್ನೋದು. ಅದಕ್ಕೇ ರಜೆ ಹಾಕಿ ಬೆಂಗಳೂರಿನಿಂದ ಬಂದೆ. ಮಗಳು ಓದಿದವಳು, ಇವಳು ಕೇಳಿದರೆ ಸರಿಯಾಗಿ ಹೇಳುತ್ತಾರೆ ಅಂತ ಅವ್ವನ ನಂಬಿಕೆ. ನನಗೂ ಅದೇ ನಂಬಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ರಾತ್ರಿಯೆಲ್ಲಾ ಕೂತು ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡಿದ್ದೆ. ಆ ಕವರನ್ನು ಯಾರೂ ಮುಟ್ಟಲಿಲ್ಲ.

ಕೌಂಟರಿನವನು ಹೆಸರು ಕೇಳಿದ. ನಂಬರ್ ಕೇಳಿದ. ಟಕಟಕ ಒತ್ತಿದ. ಆಮೇಲೆ ಮಾನಿಟರನ್ನು ನಮ್ಮ ಕಡೆ ತಿರುಗಿಸಿದ.

ಅದರಲ್ಲಿ ಅವ್ವ ನಿಂತಿದ್ದಳು. ಇಳಕಲ್ ಸೀರೆ, ತಲೆ ಮೇಲೆ ಸೆರಗು, ಎರಡೂ ಕೈ ಕೆಳಗೆ ಬಿಟ್ಟು, ಸಾಲಿ ಹುಡುಗರು ಪ್ರಾರ್ಥನೆಗೆ ನಿಂತ ಹಾಗೆ. ಹಿಂದೆ ಒಂದು ಮನೆ. ಹಸಿರು ಬಣ್ಣ, ಆರ್‌ಸಿಸಿ ಛಾವಣಿ, ಅದರ ಮೇಲೆ ಕರಿ ನೀರಿನ ಟ್ಯಾಂಕು. ಕೆಳಗೆ ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ತಾರೀಖು, ಟೈಮು. ಎಲ್ಲಾ ಪಕ್ಕಾ.

ಆ ಮನೆ ನಮ್ಮದಲ್ಲ. ಓಣಿಯ ಮೂಲೆಮನೆ ಅದು. ನಮ್ಮ ಮನೆಗೆ ಗೋಡೆ ಇದೆ, ಗೋಡೆ ಮೇಲೆ ಆಕಾಶ ಇದೆ. ಒಂದು ಖೋಲಿಗೆ ಮಾತ್ರ ತಗಡು ಹೊದಿಸಿ, ಗಾಳಿಗೆ ಹಾರಬಾರದು ಅಂತ ಕಲ್ಲು ಹೇರಿದ್ದೇವೆ.

"ಹೇಳಬೇ, ನಿನ್ನ ಮಾರಿನ ಹೌದಲ್ಲ?"

ಅವ್ವ ಬಗ್ಗಿದಳು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದಳು. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಆಮೇಲೆ ಏನು ಮಾಡಿದಳು ಗೊತ್ತಾ? ಸೆರಗು ಸರಿ ಮಾಡಿಕೊಂಡಳು. ಕನ್ನಡಿ ಮುಂದೆ ನಿಂತವರ ಹಾಗೆ. "ಹೌದ್ರಿ ಸಾಹೇಬ್ರ, ನಂದಽ ಐತಿ" ಅಂದಳು.

"ಹಂಗಾದ್ರ ಮನಿನೂ ನಿಂದಽ."

ಪಾಳಿಯಲ್ಲಿದ್ದವರು ನಕ್ಕರು. ಎಲ್ಲರೂ ಅಲ್ಲ, ನಾಲ್ಕೈದು ಜನ. ಅಷ್ಟು ಸಾಕಾಯಿತು. ನಕ್ಕವರಲ್ಲಿ ನಮ್ಮೂರಿನವನೂ ಒಬ್ಬ ಇದ್ದ. ಅವನ ಬಿಲ್ಲೂ ಆಗಿಲ್ಲ! ಅವನಿಗೆ ನಗು ಎಲ್ಲಿಂದ ಬಂತೋ. ಅವ್ವನೂ ನಕ್ಕಳು. ಅದನ್ನೇ ನನ್ನ ಕೈಲಿ ತಡೆಯೋಕೆ ಆಗುತ್ತಿಲ್ಲ. ದೊಡ್ಡವರು ಏನೋ ಜೋಕು ಹೇಳಿದ್ದಾರೆ, ನಗದಿದ್ದರೆ ತಪ್ಪಾಗುತ್ತದೆ ಅನ್ನೋ ನಗು ಅದು.

ನಾನು ಏನಾದರೂ ಹೇಳಬೇಕಿತ್ತು. ಈಗ ನೂರು ಮಾತು ಹೊಳೆಯುತ್ತಿವೆ, ಬಸ್ಸು ಹೊರಟ ಮೇಲೆ. ಅಲ್ಲಿ ನನ್ನ ಬಾಯಿಂದ ಬಂದದ್ದು "ಸರ್, ಒಂದ್ನಿಮಿಷ ಸರ್". ಒಂದೇ ವಾಕ್ಯದಲ್ಲಿ ಎರಡು ಸರ್.

ಹೊರಗೆ ಬಂದ ಮೇಲೆ ಅವ್ವ ಹೇಳಿದಳು. ಅವತ್ತು ಜಿಪಿಎಸ್ ಮಾಡೋಕೆ, ಅಂದರೆ ಜಾಗದ ಗುರುತು ಸಮೇತ ಮನೆ ಫೋಟೋ ತೆಗೆಯೋಕೆ, ಬಂದ ಹುಡುಗನಿಗೆ ನಮ್ಮ ಮನೆ ಹತ್ತಿರ ನೆಟ್‌ವರ್ಕ್ ಸಿಗಲಿಲ್ಲವಂತೆ. ಮೊಬೈಲ್ ಎತ್ತಿ ಹಿಡಿದು ಓಣಿ ತುಂಬಾ ಓಡಾಡಿದನಂತೆ. ಮೂಲೆಯಲ್ಲಿ ಎರಡು ಕಡ್ಡಿ ಸಿಕ್ಕವು. "ಇಲ್ಲೇ ನಿಲ್ಲು ಯಮ್ಮಾ" ಅಂದ. ನಿಂತಳು. ಸರ್ಕಾರದವರು ನಿಲ್ಲು ಅಂದರೆ ನಮ್ಮವ್ವ ಎಲ್ಲಿ ಬೇಕಾದರೂ ನಿಲ್ಲುತ್ತಾಳೆ. ಇಷ್ಟಕ್ಕೂ ಅದರ ಹಿಂದಿನ ದಿನ ಫೋನ್ ಮಾಡಿ "ಅವರು ಹೇಳಿದಂಗ ಮಾಡು, ಜಾಸ್ತಿ ಪ್ರಶ್ನೆ ಕೇಳಬ್ಯಾಡ, ಬಿಲ್ ನಿಂತು ಹೋಗತದ" ಅಂದದ್ದು ಯಾರು? ನಾನೇ.

ಇನ್ನೊಂದು ತಮಾಷೆ ಕೇಳಿ. ಆ ಫೋಟೋದ ಜಾಗಕ್ಕೂ ತಳಪಾಯದ ಹಂತದಲ್ಲಿ ತೆಗೆದ ಫೋಟೋದ ಜಾಗಕ್ಕೂ ತಾಳೆ ಆಗುತ್ತಿಲ್ಲ. ಅದಕ್ಕೇ ದುಡ್ಡು ಬಿಟ್ಟಿಲ್ಲ. ಸರಿ, ಹಾಗಾದರೆ ಆ ಫೋಟೋ ತಪ್ಪು ಅಂತ ಆಯಿತಲ್ಲ? ಇಲ್ಲ! ಛಾವಣಿ ಹಂತ ಮುಗಿದ ಮನೆಗಳ ಲೆಕ್ಕದಲ್ಲಿ ನಮ್ಮ ಮನೆ ಸೇರಿ ಆಗಿದೆ. ಆ ಲೆಕ್ಕ ಮೇಲೆ ಹೋಗಿದೆ. "ಪ್ರಗತಿ ವರದಿ ಬ್ಯಾರೆ, ಬಿಲ್ ಬ್ಯಾರೆ ಮೇಡಂ" ಅಂದ. ನನಗೆ ಮೇಡಂ ಅಂದ, ಅವ್ವನಿಗೆ ನೀನು. ಒಂದೇ ಫೋಟೋ. ವರದಿಗೆ ಸರಿ, ದುಡ್ಡಿಗೆ ತಪ್ಪು. ಇದನ್ನು ಯಾರಾದರೂ ನನಗೆ ಬಿಡಿಸಿ ಹೇಳಿ. ನಾನು ಎಂ.ಕಾಂ. ಮಾಡಿದ್ದೇನೆ, ನನಗೆ ತಿಳಿಯುತ್ತಿಲ್ಲ.

ಮೊದಲಿಂದ ಹೇಳಬೇಕೇನೋ. 2019ರ ಆಗಸ್ಟ್. ಮಲಪ್ರಭೆ. ವರ್ಷದಲ್ಲಿ ಎಷ್ಟೋ ತಿಂಗಳು ಹುಡುಗರು ಕ್ರಿಕೆಟ್ ಆಡುವ ಹೊಳೆ ಅದು. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟರು, ಊರು ಮುಳುಗಿತು. ಮಣ್ಣಿನ ಗೋಡೆ ನೀರಲ್ಲಿ ನೆನೆದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನೀರು ಇದ್ದಾಗ ನಿಂತಿದ್ದ ಗೋಡೆ ನೀರು ಇಳಿದ ಮೇಲೆ ಬಿತ್ತು.

ಮನೆ ಪೂರ್ತಿ ಬಿದ್ದವರಿಗೆ 5 ಲಕ್ಷ ಅಂತ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಹೇಳಿದರು. ಒಳ್ಳೆ ಮೊತ್ತವೇ, ಇಲ್ಲ ಅನ್ನಲ್ಲ. ಕೇಂದ್ರದ ನಿಯಮದ ಪ್ರಕಾರ ಆಗ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಪಕ್ಕಾ ಮನೆಗೆ ಸಿಗುತ್ತಿದ್ದದ್ದು 95,100 ರೂಪಾಯಿ. ಉಳಿದದ್ದನ್ನು ರಾಜ್ಯ ಹಾಕಬೇಕು. ಶೇ 75ಕ್ಕಿಂತ ಜಾಸ್ತಿ ಬಿದ್ದಿದ್ದರೆ ಎ, 25ರಿಂದ 75 ಆದರೆ ಬಿ, 15ರಿಂದ 25 ಆದರೆ ಸಿ. ಎ ಅಂದರೆ 5 ಲಕ್ಷ, ಸಿ ಅಂದರೆ 50 ಸಾವಿರ. ಒಂದಕ್ಷರಕ್ಕೆ ನಾಲ್ಕೂವರೆ ಲಕ್ಷದ ಫರಕು. ಆ ಅಕ್ಷರಕ್ಕಾಗಿ ನಮ್ಮೂರಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ನಮಗೆ ಎ ಸಿಕ್ಕಿತು. ಎ ಸಿಕ್ಕಿದ್ದು ಅದೃಷ್ಟ ಅಂತ ಓಣಿಯವರು ಪೇಡೆ ಕೇಳಿದರು. ಮನೆ ಬಿದ್ದದ್ದಕ್ಕೆ ಪೇಡೆ!

ಮೊದಲ ಕಂತು 1 ಲಕ್ಷ ಬಂತು. ಅಷ್ಟರಲ್ಲಿ ಲಾಕ್‌ಡೌನ್ ಆಯಿತು. ಗೌಂಡಿ ಸಿಗಲಿಲ್ಲ, ಉಸುಕು ಸಿಗಲಿಲ್ಲ. ಆಮೇಲೆ ಎರಡನೇ ಕಂತು ಬಂತು, ಅದರಲ್ಲಿ ಗೋಡೆ ಎದ್ದಿತು. ಆಮೇಲೆ ಸಾಲ. ಆಮೇಲೆ ಏನೂ ಇಲ್ಲ.

ಇಷ್ಟೆಲ್ಲಾ ಹೇಳಿದ ಮೇಲೂ ಒಂದು ಮಾತು. ಈ ಜಿಪಿಎಸ್ಸು, ಫೋಟೋ, ಹಂತ ಹಂತದ ಕಂತು, ಇದೆಲ್ಲಾ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕೇ ಬೇಕು. ನಮ್ಮೂರಲ್ಲೇ ದನದ ಕೊಟ್ಟಿಗೆಗೆ ಎ ಬರೆಸಿಕೊಂಡವರಿದ್ದಾರೆ. ಮನೆ ಬೀಳದವರಿಗೆ ದುಡ್ಡು ಹೋಗಿ, ಬಿದ್ದವರು ಪಟ್ಟಿಯಲ್ಲೇ ಇಲ್ಲದ ಸುದ್ದಿ ಆಗ ಎಷ್ಟು ಕಡೆಯಿಂದ ಬಂತು ನೆನಪಿದೆ ಅಲ್ವಾ? ಕಳ್ಳರನ್ನು ಹಿಡಿಯೋಕೆ ಬೀಗ ಬೇಕು, ಒಪ್ಪಿದೆ. ಆದರೆ ಕೊಟ್ಟಿಗೆಯವನ ಐದೂ ಲಕ್ಷ ಬಂದಿದೆ ಮಾರಾಯ್ರೇ! ಅವನ ಫೋಟೋದಲ್ಲಿ ಅಕ್ಷಾಂಶ, ರೇಖಾಂಶ ಎಲ್ಲಾ ತಾಳೆ ಆಗುತ್ತದೆ. ಕೊಟ್ಟಿಗೆ ಇರೋ ಜಾಗದಲ್ಲೇ ಇದೆ, ಅಲುಗಿಲ್ಲ. ಬೀಗಕ್ಕೆ ಸಿಕ್ಕಿದ್ದು ನಮ್ಮವ್ವ.

ಮತ್ತೆ ಈ ವರದಿ ಎಲ್ಲಿಗೆ ಹೋಗುತ್ತದೆ? ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ. ರಾಜ್ಯದ ವಿಪತ್ತು ನಿಧಿಯಲ್ಲಿ ನೂರಕ್ಕೆ 75 ರೂಪಾಯಿ ಕೇಂದ್ರದ್ದು, 25 ರಾಜ್ಯದ್ದು. ಹಾಗಾಗಿ ದೆಹಲಿಗೂ ಲೆಕ್ಕ ಕೊಡಬೇಕು. ಒಬ್ಬೊಬ್ಬರೂ ತಮ್ಮ ಕೆಳಗಿನವರ ಲೆಕ್ಕ ಕೂಡಿಸಿ ಸಹಿ ಹಾಕುತ್ತಾರೆ. ಮೇಲೆ ಹೋದ ಹಾಗೆ ಮನೆ ಅಂಕಿ ಆಗುತ್ತದೆ, ಅಂಕಿ ಶೇಕಡಾ ಆಗುತ್ತದೆ. ಆಡಿಟ್‌ನವರು ಬಂದರೂ ಎಲ್ಲಾ ಮನೆಗೆ ಹೋಗಲ್ಲ, ಕೆಲವನ್ನು ಆರಿಸಿ ನೋಡುತ್ತಾರೆ. ನಮ್ಮ ಮನೆಯನ್ನು ಆರಿಸಿದರೆ ಎಷ್ಟು ಚೆನ್ನಾಗಿತ್ತು! ತಲೆ ಎತ್ತಿ ನೋಡಿದರೆ ಸಾಕು, ಆಡಿಟ್ ಮುಗೀತು.

2009ರ ನೆರೆ ಆದ ಮೇಲೂ ಹೀಗೇ. ಆಸರೆ ಮನೆಗಳು ಅಂತ ಕಟ್ಟಿದರು. ಎಷ್ಟೋ ಊರುಗಳಲ್ಲಿ ಯಾರೂ ಹೋಗಿ ಇರಲಿಲ್ಲ. ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆ, ನೀರು ಯಾವ ಕಡೆಯೂ ಇಲ್ಲ. ಬಾಗಿಲೊಳಗಿಂದ ಬಳ್ಳಾರಿ ಜಾಲಿ ಬೆಳೆದದ್ದನ್ನು ನಾನೇ ನೋಡಿದ್ದೇನೆ. ಆ ಮನೆಗಳೂ ಲೆಕ್ಕದಲ್ಲಿ ಮನೆಗಳೇ ತಾನೆ?

ಹೋಗಲಿ ಬಿಡಿ. ಯಾರ ಮೇಲೆ ಸಿಟ್ಟು ಮಾಡಲಿ? ಕೌಂಟರಿನವನಿಗೆ ಮೇಲಿನವರು ದಿನಾ ಬೆಳಿಗ್ಗೆ "ಎಷ್ಟಾಯಿತು, ಎಷ್ಟಾಯಿತು" ಅಂತ ಜೀವ ತಿನ್ನುತ್ತಾರಂತೆ. ಅವನೂ ಹೊರಗುತ್ತಿಗೆ ನೌಕರ, ಮೂರು ತಿಂಗಳಿಂದ ಸಂಬಳ ಇಲ್ಲ ಅಂತ ಚಹಾದಂಗಡಿಯವ ಹೇಳಿದ. ಕೇಳಿ ಅಯ್ಯೋ ಅನ್ನಿಸಿತು. ಎರಡು ನಿಮಿಷ. ಆಮೇಲೆ ಆ "ಮನಿನೂ ನಿಂದಽ" ಮತ್ತೆ ನೆನಪಾಯಿತು.

ನಗು ಬರೋ ವಿಷಯ ಹೇಳಲಾ? ಬೆಂಗಳೂರಲ್ಲಿ ನನ್ನ ಕೆಲಸವೂ ಇದೇ. ಪ್ರತಿ ಶುಕ್ರವಾರ ಸಂಜೆ ಎಕ್ಸೆಲ್‌ನಲ್ಲಿ ಕೆಲಸಗಳ ಮುಂದೆ ಬಣ್ಣ ತುಂಬೋದು. ಆಗಿದ್ದರೆ ಹಸಿರು, ಆಗದಿದ್ದರೆ ಕೆಂಪು. ಕೆಂಪು ಜಾಸ್ತಿ ಇದ್ದರೆ ಮ್ಯಾನೇಜರ್ ಫೋನ್ ಮಾಡುತ್ತಾರೆ. ಅದಕ್ಕೇ ಸೋಮವಾರ ಹೇಗೂ ಮುಗಿಯುತ್ತದೆ ಅಂತ ಶುಕ್ರವಾರವೇ ಹಸಿರು ಮಾಡುತ್ತೇನೆ. ಎಷ್ಟೋ ಸೋಮವಾರ ಮುಗಿದಿಲ್ಲ. ಯಾರೂ ಕೇಳಿಲ್ಲ. ಯಾರದೋ ಅವ್ವ ನನ್ನ ಹಸಿರಿನ ಕೆಳಗೂ ನಿಂತಿರಬಹುದು ಅಂತ ಇವತ್ತಿನವರೆಗೆ ಯೋಚನೆ ಮಾಡಿರಲಿಲ್ಲ. ಈಗಲೂ ಮಾಡಬಾರದಿತ್ತು. ಸಿಟ್ಟು ಮಾಡೋಕೆ ಕೂತವಳು ನಾನು, ಸುಮ್ನೆ ಎಲ್ಲಿಗೋ ಹೋಗುತ್ತಿದ್ದೇನೆ.

ಆರ್‌ಟಿಐ ಹಾಕಿ ಅಂತ ಹೇಳುವವರಿಗೆ ಮೊದಲೇ ನಮಸ್ಕಾರ. ಅರ್ಜಿ ಬರೆದಾಗಿದೆ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಛಾವಣಿಯದ್ದು ಒಂದು ವಿಷಯ, ಫೋಟೋದ್ದು ಇನ್ನೊಂದು, ವರದಿಯದ್ದು ಮತ್ತೊಂದು ಅಂದರೆ ಮೂರು ಅರ್ಜಿ. ಶುಲ್ಕ ಹತ್ತತ್ತು ರೂಪಾಯಿ. ಮೂವತ್ತು ದಿನ ಕಾಯಬೇಕು. ಕಾಯೋಣ. ಮಳೆಗಾಲಕ್ಕೆ ಕಾಯೋಕೆ ಮಾತ್ರ ಹೇಳೋರು ಯಾರು? ನನ್ನ ಅರ್ಜಿ ಮೊದಲ ಸಲ 412 ಪದ ಆಗಿತ್ತು. ಕತ್ತರಿಸಿ ಕತ್ತರಿಸಿ 148ಕ್ಕೆ ತಂದೆ. ಅವ್ವನ ಹೆಸರು, ವಿಳಾಸ ಕತ್ತರಿಸೋ ಹಾಗಿಲ್ಲ. "ಏಕವಚನ" ಅನ್ನೋದು ಕತ್ತರಿಸಿ ಹೋಯಿತು.

ಈಗ ಅವ್ವ ಎದ್ದಳು. ಎದ್ದವಳೇ ಕೇಳಿದ್ದು, "ಆ ಫೋಟೋ ಅವರು ಕೊಡತಾರೇನ? ಮಾರಿ ಚಂದ ಬಂದಿತ್ತು." ನಾನು ಬೈದೆ. ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಬೈದೆ. ಅವನಿಗೆ ಬೈಯಬೇಕಾದದ್ದನ್ನೆಲ್ಲಾ ಇವಳಿಗೆ ಬೈದೆ. ಈಗ ಮತ್ತೆ ಕಿಟಕಿಗೆ ತಲೆ ಕೊಟ್ಟಿದ್ದಾಳೆ.

ನಿಮ್ಮಲ್ಲಿ ಯಾರಾದರೂ ಈ ಕೆಲಸದಲ್ಲಿ ಇದ್ದರೆ, ಅಥವಾ ನಿಮ್ಮ ಮನೆಯದ್ದೂ ಹೀಗೇ ಆಗಿ ಸರಿ ಹೋಗಿದ್ದರೆ, ದಯವಿಟ್ಟು ಹೇಳಿ. ಹೊಸ ಫೋಟೋ ಹಾಕಬೇಕಾದರೆ ಹಳೆಯದು ಡಿಲೀಟ್ ಆಗಬೇಕಂತೆ. ಡಿಲೀಟ್ ಮಾಡಿದರೆ ಪ್ರಗತಿ ಒಂದು ಮನೆ ಕಡಿಮೆ ಆಗುತ್ತದಂತೆ, ಅದಕ್ಕೆ ಮೇಲಿನವರ ಒಪ್ಪಿಗೆ ಬೇಕಂತೆ. ಪಂಚಾಯ್ತಿಯವರು ತಾಲ್ಲೂಕಿನ ಲಾಗಿನ್ ಅನ್ನುತ್ತಾರೆ. ತಾಲ್ಲೂಕಿನವರು ಬೆಂಗಳೂರು ಅನ್ನುತ್ತಾರೆ. ಬೆಂಗಳೂರಿನ ನಂಬರಿಗೆ ಫೋನ್ ಮಾಡಿದರೆ ಪಂಚಾಯ್ತಿಯಲ್ಲಿ ವಿಚಾರಿಸಿ ಅನ್ನುತ್ತಾರೆ. ನಿಜವಾಗಿ ಯಾರ ಲಾಗಿನ್‌ನಲ್ಲಿ ಆಗುತ್ತದೆ? ಅಷ್ಟು ಹೇಳಿ ಸಾಕು. ಸೋಮವಾರದ ತನಕ ರಜೆ ಇದೆ.